ಮುಳುವಾಯಿ ರಾಜ್ಯದ ಸ್ವಾತಂತ್ರ್ಯ: ಕಾವ್ಯ ಶಾಸನಗಳ ಪರಾಮರ್ಶೆ

ವಿಜಯನಗರದ ಅರಸರು ತಮ್ಮ ನಾಡನ್ನು ಆಳುತ್ತಿದ್ದ ಬಗೆಯನ್ನು ವಿವರಿಸುವ ಗ್ರಂಥಗಳಲ್ಲೆಲ್ಲ ಉದಯಗಿರಿ, ಪೆನುಗೊಂಡೆ, ಆರಗ, ಚಂದ್ರಗುತ್ತಿ, ಬಾರಕೂರು, ಮಂಗಳೂರು ಮೊದಲಾದ ರಾಜ್ಯಗಳ ಸಾಲಿನಲ್ಲಿ ಮುಳುವಾಯಿ ರಾಜ್ಯದ ಹೆಸರೂ ತಪ್ಪದೆ ಬರುತ್ತದೆ. ಬಂದು, ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಕುಮಾರ ಕಂಪಣನು ಅಲ್ಲಿ ಆಳಿದನು, ಬಳಿಕ ಲಕ್ಕಣ್ಣ ದಂಡನಾಯಕನು ಆಳಿದನು ಎಂಬಷ್ಟರಿಂದಲೇ ಗ್ರಂಥಕರ್ತರು ತೃಪ್ತರಾಗಿ ಮುಂದೆ ಸಾಗುವರು. ಈ ರಾಜ್ಯವು ರಾಜಧಾನಿಗೆ ಎಷ್ಟರಮಟ್ಟಿಗೆ ಅಧೀನವಾಗಿದ್ದಿತು, ಎಷ್ಟರಮಟ್ಟಿಗೆ ತನ್ನ ಬಾಳನ್ನು ತಾನೇ ನಡೆಸಿಕೊಳ್ಳುತ್ತಿದ್ದಿತು ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ವಿದ್ವಾಂಸರ ನಡುವೆ ಪ್ರಚಾರದಲ್ಲಿವೆ. ಟಿ. ವಿ. ಮಹಾಲಿಂಗಂ ಅವರ ೧೯೪೦ರ ಗ್ರಂಥವೇ ಮೊದಲಾದವುಗಳಲ್ಲಿ ಕಾಣುವ ಮತವೊಂದು: ಸಾಮ್ರಾಜ್ಯವು ಪ್ರಾಂತಗಳಾಗಿ ವಿಭಾಗವಾಗಿದ್ದಿತು, ಪ್ರಾಂತಾಧಿಪತಿಗೆ ತನ್ನದೇ ಓಲಗವೂ ಸೈನ್ಯವೂ ಇದ್ದರೂ ಆತನ ಅಧಿಕಾರವೆಲ್ಲ ಅರಸನ ಕೈಯಿಂದ ಬಂದುದು ಎಂಬುದು. ಬರ್ಟನ್ ಸ್ಟೈನರು ೧೯೮೦ರಲ್ಲಿ ಪ್ರತಿಪಾದಿಸಿದ ಇನ್ನೊಂದು ಮತದಂತೆ, ದೂರದ ಸೀಮೆಗಳ ಮೇಲೆ ಅರಸನಿಗಿದ್ದುದು ಬಹುಮಟ್ಟಿಗೆ ಗೌರವದ ಒಡೆತನ ಮಾತ್ರ. ಆಳಿಕೆಯ ಹುರುಳೆಲ್ಲ ಸ್ಥಳೀಯರಲ್ಲಿಯೇ ಇದ್ದಿತು. ನೊಬೊರು ಕರಶಿಮ ಅವರು ೧೯೯೨ರಲ್ಲಿ ತಮಿಳು ಶಾಸನಗಳನ್ನು ಕ್ರಮವಾಗಿ ಪರಿಶೀಲಿಸಿ ಈ ಎರಡನೆಯ ಮತವನ್ನು ಬಲವಾಗಿ ಪ್ರಶ್ನಿಸಿದರು. ವಾದ ಪ್ರತಿವಾದಗಳು ಎಷ್ಟೇ ಸ್ವಾರಸ್ಯವಾಗಿದ್ದರೂ, ಒಂದು ಪಕ್ಷಕ್ಕೆ ಆಧಾರ ಹಂಪೆಯ ಕಡೆಯ ಸಾಮಗ್ರಿ, ಇನ್ನೊಂದಕ್ಕೆ ಚೋಳಮಂಡಲದ ಸಾಮಗ್ರಿ. ಇವೆರಡರ ನಡುವೆ ಹೊಸ್ತಿಲಿನಂತಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯನ್ನು ಯಾವ ಪಕ್ಷದವರೂ ಸಾಕ್ಷಿಗೆ ಕರೆದಂತೆ ತೋರುವುದಿಲ್ಲ.

ಸಾಕ್ಷಿ ಇಲ್ಲವೆಂದಲ್ಲ. ಬಿ. ಎಲ್. ರೈಸ್ ಸಾಹೇಬರು ೧೯೦೫ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಈ ಸೀಮೆಯ ಶಾಸನಗಳ ಭಂಡಾರ. ಅದಲ್ಲದೆ, ಮತ್ತಾವ ರಾಜ್ಯಕ್ಕೂ ಸುಲಭವಾಗಿ ದೊರೆಯದ ಭಾಗ್ಯವೊಂದು ಮುಳುವಾಯಿಗೆ ದೊರೆತಿದೆ: ಅದನ್ನು ಆಳಿದವರೋ ಆಳಿದವರ ಮನೆಯವರೋ ಬರೆದ ಗ್ರಂಥಗಳು ಉಳಿದುಬಂದಿವೆ. ಕಂಪಣನ ರಾಣಿ ಗಂಗಾದೇವಿಯ ಸಂಸ್ಕೃತ ಕಾವ್ಯ ‘ಮಧುರಾವಿಜಯ’, ಲಕ್ಕಣ್ಣ ದಂಡೇಶನ ಕನ್ನಡ ಷಟ್ಪದಿ ‘ಶಿವತತ್ತ್ವಚಿಂತಾಮಣಿ’, ಸಾಳುವ ಮನೆತನದ ಗೋಪ ತಿಪ್ಪಭೂಪಾಲನು ವಾಮನನ ಅಲಂಕಾರಸೂತ್ರಗಳಿಗೆ ಬರೆದ ‘ಕಾಮಧೇನು’ ವ್ಯಾಖ್ಯಾನ, ಇವು ಮೂರೂ ಒಂದು ನೂರು ವರುಷಗಳ ಆಚೀಚೆಯವು. ಇವನ್ನು ಸಾಹಿತ್ಯಚರಿತ್ರಕಾರರು ಸಾಹಿತ್ಯವಾಗಿಯೂ, ಇತಿಹಾಸಕಾರರು ದಾಖಲೆಯಾಗಿಯೂ ಓದಿರುವರೇ ಹೊರತು, ಆಳುವವರ ಬಾಯಿಂದ ಬಂದ ಮಾತೆಂದು ಶಾಸನಗಳ ಪಕ್ಕದಲ್ಲಿಟ್ಟು ಓದಿದವರು ವಿರಳ.

ಮೊದಲಿಗೆ ಎಲ್ಲೆಯ ವಿಷಯ. ರೈಸರ ಸಂಪುಟದ ‘ಕೋಲಾರ ಜಿಲ್ಲೆ’ಯು ಆಗಿನ ಮೈಸೂರು ಸಂಸ್ಥಾನದ ಜಿಲ್ಲೆ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿಗಳೂ ಅದರಲ್ಲಿ ಸೇರಿದ್ದುವು. ೨೦೦೭ರಲ್ಲಿ ಅವು ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರೆಯಾದುವು. ಹದಿನಾಲ್ಕನೆಯ ಶತಮಾನದ ರಾಜ್ಯವನ್ನು ಇಪ್ಪತ್ತನೆಯ ಶತಮಾನದ ಜಿಲ್ಲೆಯ ಅಳತೆಯಲ್ಲಿ ಅಳೆಯುವುದು ಸಲ್ಲದು. ಗೌರಿಬಿದನೂರಿನ ಶಾಸನವೊಂದು ಹತ್ತನೆಯ ಸಂಪುಟದಲ್ಲಿದೆಯೆಂಬ ಮಾತ್ರಕ್ಕೆ ಅದು ಮುಳುವಾಯಿಗೆ ಸೇರಿದುದೆನ್ನಲಾಗದು, ಅದು ಪೆನುಗೊಂಡೆಯದಾಗಿರಬಹುದು. ಅಂತೆಯೇ ಘಟ್ಟದ ಮೇಲಣ ಪಲಮನೇರು, ಪುಂಗನೂರುಗಳ ಕಡೆ ಇಂದಿನ ಆಂಧ್ರದ ಗಡಿಯಾಚೆ ಇದೆಯೆಂದು ಅದನ್ನು ಬಿಟ್ಟುಬಿಡುವುದೂ ಸರಿಯಲ್ಲ. ಆ ನೆಲವೂ ಮುಳಬಾಗಿಲಿನ ನೆಲವೂ ಒಂದೇ ಪ್ರಸ್ಥಭೂಮಿಯ ಸೆರಗು. ಚೋಳರ ಕಾಲದಲ್ಲಿ ನಿಕರಿಲಿಚೋಳಮಂಡಲವೆನಿಸಿದ್ದ ಈ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳ ಶಾಸನಗಳು ಬೆರೆತುಬರುವುದು ಈ ಕಾರಣದಿಂದಲೇ.

ಊರಿನ ಹೆಸರಿನಲ್ಲಿಯೇ ಒಂದು ವಿವಾದವಿದೆ. ‘ಮೂಡಲಬಾಗಿಲು’ ಎಂಬುದೇ ಮುಳಬಾಗಿಲಾಯಿತೆಂದೂ, ಮೈಸೂರು ಪ್ರಸ್ಥಭೂಮಿಯಿಂದ ಪೂರ್ವಕ್ಕೆ ಇಳಿಯುವ ದಾರಿಯ ಬಾಗಿಲಾದುದರಿಂದ ಆ ಹೆಸರು ಬಂದಿತೆಂದೂ ರೈಸರು ಮೊದಲಾದವರು ಬರೆದರು. ಜನಸಾಮಾನ್ಯರಲ್ಲಿಯೂ ಅದೇ ನಂಬಿಕೆ. ಸ್ಥಳದ ನೆಲೆಯಿಂದ ನೋಡಿದರೆ ಅದು ಒಪ್ಪುವಂತೆಯೇ ಇದೆ. ಹೊಯ್ಸಳರು ತಮ್ಮ ರಾಜ್ಯದ ಮೂಡಣ ಮೇರೆಯೆಂದು ಹೇಳಿಕೊಂಡ ನಂಗಲಿಯು ಇದೇ ತಾಲ್ಲೂಕಿನಲ್ಲಿದೆ. ಆದರೆ ಶಾಸನಗಳ ರೂಪ ಮುಳುವಾಯಿ, ಮುಳುವಾಗಿಲು ಎಂದು. ‘ಮೂಡಲ’ದ ದೀರ್ಘವು ಹ್ರಸ್ವವಾಗಿ ಡಕಾರವು ಳಕಾರವಾಗಿ ಎರಡು ಮಾರ್ಪಾಡುಗಳು ಒಮ್ಮೆಗೇ ಆದುವೆಂದು ಒಪ್ಪಬೇಕಾದರೆ ಬೇರೆ ನಿದರ್ಶನಗಳು ಬೇಕು. ‘ಮುಳ್’ ಎಂಬುದಕ್ಕೆ ಮುಳ್ಳೆಂಬ ಅರ್ಥವನ್ನು ಹಿಡಿದರೆ ಯಾವ ಕಷ್ಟವೂ ಇಲ್ಲ. ‘ವಾಯಿಲ್’ ಎಂದರೆ ತಮಿಳಿನಲ್ಲಿ ಬಾಗಿಲು. ಮುಳ್ಳುಬೇಲಿಯ ಬಾಗಿಲುಳ್ಳ ಹಳೆಯ ನೆಲೆಯೊಂದಕ್ಕೆ ಈ ಹೆಸರು ಅಸಹಜವಲ್ಲ.

ಇಲ್ಲಿ ಗಂಗಾದೇವಿಯ ಕಾವ್ಯವು ನೆರವಿಗೆ ಬರುತ್ತದೆ. ಕಂಪಣನು ತಂದೆಯ ಅಪ್ಪಣೆಯಂತೆ ದಕ್ಷಿಣಕ್ಕೆ ಹೊರಟು, ಕೆಲವೇ ದಿನಗಳ ಪಯಣದಲ್ಲಿ ‘ಕಂಟಕಾನನಪಟ್ಟಣ’ವನ್ನು ಸೇರಿದನೆಂದು ನಾಲ್ಕನೆಯ ಸರ್ಗ ಹೇಳುತ್ತದೆ. ಇದು ಮುಳಬಾಗಿಲೇ ಎಂದು ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು ನಿರ್ಣಯಿಸಿದರು. ಬಳಿಕ ಬಂದವರು ಬಹುಮಟ್ಟಿಗೆ ಅದನ್ನೇ ಅನುಸರಿಸಿದರು. ನಿರ್ಣಯವು ಸರಿಯೇ. ಆದರೆ ಅದನ್ನು ಬಳಸುವ ಬಗೆಯಲ್ಲಿ ಎಚ್ಚರ ಬೇಕು. ಕಂಟಕಾನನವೆಂದರೆ ಮುಳ್ಳುಗಾಡು, ಆದುದರಿಂದ ಅದು ಮುಳಬಾಗಿಲು ಎಂದು ಒಮ್ಮೆ ಹೇಳಿ, ಗಂಗಾದೇವಿಯು ಮುಳಬಾಗಿಲನ್ನು ಮುಳ್ಳುಗಾಡೆಂದು ಕರೆದಿರುವುದರಿಂದ ಮುಳ್ ಎಂದರೆ ಮುಳ್ಳು ಎಂದು ಮತ್ತೊಮ್ಮೆ ಹೇಳಿದರೆ, ಅದು ಬಂದ ದಾರಿಯಲ್ಲೇ ತಿರುಗಿಬರುವ ವಾದವಾಗುತ್ತದೆ. ಈ ಚಕ್ರದಿಂದ ಪಾರಾಗಲು ಹೆಸರಿನ ಹೊರಗಿನ ಆಧಾರವೊಂದು ಬೇಕು. ಅದು ದಾರಿಯ ಆಧಾರ. ಕಂಟಕಾನನದಿಂದ ಹೊರಟ ಸೇನೆ ಕ್ಷೀರನದಿಯ, ಎಂದರೆ ಪಾಲಾರಿನ, ದಡದ ವಿರಿಂಚಿಪುರವನ್ನು ಮುಟ್ಟುತ್ತದೆ. ಕರ್ಣಾಟಕದ ಎಲ್ಲೆಯನ್ನು ದಾಟಿ ವಿರಿಂಚಿಪುರಕ್ಕೆ ಇಳಿಯುವವರಿಗೆ ಮುಳಬಾಗಿಲಿನ ಹೊರತು ದೊಡ್ಡ ಬೀಡುದಾಣವೊಂದು ಆ ಹಾದಿಯಲ್ಲಿಲ್ಲ. ಹೀಗೆ ಗುರುತು ದಾರಿಯಿಂದ ಸಿದ್ಧಿಸಿದ ಮೇಲೆ, ಹದಿನಾಲ್ಕನೆಯ ಶತಮಾನದಲ್ಲಿ ಆ ಊರನ್ನು ಬಲ್ಲವರ ಕಿವಿಗೆ ಅದರ ಹೆಸರಿನಲ್ಲಿ ಮುಳ್ಳೇ ಕೇಳಿಸುತ್ತಿದ್ದಿತು, ಮೂಡಲಲ್ಲ ಎಂಬುದಕ್ಕೆ ಕಾವ್ಯವನ್ನು ಪ್ರಮಾಣವಾಗಿ ಹಿಡಿಯಬಹುದು. ‘ಬಾಗಿಲು’ ಕಾನನವಾದುದು ಕವಿಯ ಸಲುಗೆ. ಮೂಡಲಬಾಗಿಲೆಂಬ ಅರ್ಥವು ಊರು ರಾಜ್ಯದ ತಲೆನಗರವಾಗಿ ಮೆರೆದ ಮೇಲೆ ಅದರ ಹಿರಿಮೆಗೆ ತಕ್ಕಂತೆ ಹೊಂದಿಸಿದ ಅರ್ಥವೆಂದು ತೋರುತ್ತದೆ.

‘ಮಧುರಾವಿಜಯ’ದ ಓಲೆಯ ಪ್ರತಿ ತಿರುವನಂತಪುರದಲ್ಲಿ ದೊರೆತು ೧೯೧೬ರಲ್ಲಿ ಅಚ್ಚಾಯಿತು. ಪ್ರತಿಯಲ್ಲಿ ಗ್ರಂಥಪಾತಗಳು ಹೇರಳವಾಗಿವೆ. ೧೯೧೯ರಲ್ಲಿ ಕೃಷ್ಣಸ್ವಾಮಿ ಅಯ್ಯಂಗಾರ್ಯರು ತಮ್ಮ ‘ವಿಜಯನಗರ ಇತಿಹಾಸದ ಆಕರಗಳು’ ಎಂಬ ಸಂಕಲನದಲ್ಲಿ ಇದರಿಂದ ಭಾಗಗಳನ್ನೆತ್ತಿಕೊಂಡಂದಿನಿಂದ ಇತಿಹಾಸಕಾರರಿಗೆ ಇದು ಒಂದು ದಂಡಯಾತ್ರೆಯ ವರದಿಯಾಗಿದೆ. ಶಂಬುವರಾಯನ ಸೋಲು, ಕಂಚಿಯಲ್ಲಿ ನೆಲೆ, ಮಧುರೆಯ ಸುಲ್ತಾನನ ವಧೆ, ಇಷ್ಟನ್ನು ತೆಗೆದುಕೊಂಡು ಉಳಿದ ಋತುವರ್ಣನೆ, ಜಲಕ್ರೀಡೆ, ಚಂದ್ರೋದಯಗಳನ್ನು ಸಂಪ್ರದಾಯದ ಭಾರವೆಂದು ಬದಿಗಿರಿಸುವರು. ಕಾವ್ಯವನ್ನು ಹೀಗೆ ಸೋಸುವವರು ಅದರ ರಾಜಕೀಯವಾದ ಮಾತನ್ನೇ ಸೋಸಿ ಚೆಲ್ಲಿರುವರೆಂದರೆ ಅತಿಶಯೋಕ್ತಿಯಾಗದು.

ಮೂರನೆಯ ಸರ್ಗದಲ್ಲಿ ಬುಕ್ಕರಾಯನು ಮಗನಿಗೆ ಬುದ್ಧಿಹೇಳಿ ಕಳುಹಿಸುವನು: ಮೊದಲು ಚಂಪನನ್ನು ಗೆಲ್ಲು, ಕಂಚಿಯಲ್ಲಿ ನೆಲೆಸಿ ಪ್ರಜೆಯನ್ನು ಪಾಲಿಸು, ಬಳಿಕ ತುರುಷ್ಕನ ಮೇಲೆ ಹೋಗು ಎಂದು. ಇಲ್ಲಿಯವರೆಗೆ ಕಂಪಣನು ಆಜ್ಞಾಧಾರಕನಾದ ಮಗ. ಅನಂತರ ಬುಕ್ಕನು ಕಾವ್ಯದ ಮುನ್ನೆಲೆಯಿಂದ ಮರೆಯಾಗುವನು. ಎಂಟನೆಯ ಸರ್ಗದಲ್ಲಿ ಮಧುರೆಯ ದುರವಸ್ಥೆಯನ್ನು ವರ್ಣಿಸುವ ಸ್ತ್ರೀಯೊಬ್ಬಳು ಕಂಪಣನ ಮುಂದೆ ಕಾಣಿಸಿಕೊಂಡು ಅವನ ಕೈಗೆ ಕತ್ತಿಯೊಂದನ್ನು ಕೊಡುವಳು. ಆ ಕತ್ತಿಯ ವಂಶಾವಳಿಯನ್ನು ಕವಿ ಬಹು ಎಚ್ಚರದಿಂದ ಹೇಳಿರುವಳು. ಅದು ವಿಶ್ವಕರ್ಮನು ಮಾಡಿದುದು, ಶಿವನಿಂದ ಪಾಂಡ್ಯರಿಗೆ ಬಂದುದು, ಪಾಂಡ್ಯವಂಶದ ಬಲಗುಂದಿದುದನ್ನು ಕಂಡು ಅಗಸ್ತ್ಯನು ಕಂಪಣನಿಗೆ ಕಳುಹಿಸಿದುದು. ಇದನ್ನು ಅಲಂಕಾರವೆಂದು ದಾಟಿಹೋಗುವುದು ಸುಲಭ. ಆದರೆ ಮಧುರೆಯನ್ನು ಆಳುವ ಹಕ್ಕು ವಿಜಯನಗರದಿಂದ ಇಳಿದುಬರಲಿಲ್ಲ, ಪಾಂಡ್ಯರಿಂದ ನೇರವಾಗಿ ಕಂಪಣನಿಗೆ ಬಂದಿತು ಎಂಬುದಲ್ಲವೆ ಇದರ ಅರ್ಥ? ಮಗನು ತಂದೆಯ ಅಪ್ಪಣೆಯಿಂದ ಹೊರಡುವನು. ಗೆಲ್ಲುವುದು ಮಾತ್ರ ಆ ನಾಡಿನ ಕತ್ತಿಯಿಂದ. ಸ್ವತಂತ್ರನೆಂದು ಬಾಯಿಬಿಟ್ಟು ಹೇಳದೆ ಸ್ವಾತಂತ್ರ್ಯವನ್ನು ಸೂಚಿಸುವುದಕ್ಕೆ ಆಸ್ಥಾನದ ಕವಿಗೆ, ಅದರಲ್ಲಿಯೂ ರಾಣಿಗೆ, ಇದಕ್ಕಿಂತ ಚೆನ್ನಾದ ಉಪಾಯವಿರಲಾರದು.

ಕಂಪಣನ ಶಾಸನಗಳು ಈ ಸೂಚನೆಗೆ ಹೊಂದಿಕೊಳ್ಳುತ್ತವೆ. ತಮಿಳುನಾಡಿನ ಅನೇಕ ಶಾಸನಗಳಲ್ಲಿ ಕಂಪಣ ಒಡೆಯನು ತನ್ನ ಹೆಸರಿನಲ್ಲಿಯೇ ‘ಪೃಥ್ವೀರಾಜ್ಯ’ವನ್ನು ಆಳುತ್ತಿರುವಂತೆ ಬರೆದಿದೆ, ಬುಕ್ಕನ ಪ್ರಸ್ತಾಪವಿಲ್ಲ. ‘ಮಹಾಮಂಡಲೇಶ್ವರ’ ಎಂಬ ಬಿರುದಿದೆಯಾದುದರಿಂದ ಅಧೀನನೇ ಸರಿ ಎಂದು ವಾದಿಸುವವರು, ಬುಕ್ಕರಾಯನೂ ಬಹುಕಾಲ ಅದೇ ಬಿರುದನ್ನು ಧರಿಸಿದ್ದನೆಂಬುದನ್ನು ಮರೆಯಬಾರದು. ಇನ್ನೊಂದು ಸಂಗತಿ ಕನ್ನಡದ ವಾಚಕರಿಗೆ ವಿಶೇಷವಾಗಿ ಗಮನಾರ್ಹ: ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಕನ್ನಡ ಬಿರುದು ತಮಿಳು ಶಾಸನಗಳಲ್ಲಿ ತಮಿಳು ಲಿಪಿಯಲ್ಲಿ, ತಮಿಳಿನ ವಿಭಕ್ತಿಯನ್ನು ತಗುಲಿಸಿಕೊಂಡು ಬರುತ್ತದೆ. ಆಳಿಕೆಯ ಭಾಷೆ ಘಟ್ಟವನ್ನು ಇಳಿದುಹೋದ ಬಗೆಯಿದು. ಗಂಗಾದೇವಿಯ ಕಾವ್ಯದಲ್ಲಿಯಾದರೋ ಇದರ ವಿಪರ್ಯಾಸವನ್ನು ಕಾಣುವೆವು. ಪೂರ್ವಕವಿಸ್ತುತಿಯಲ್ಲಿ ವಾಲ್ಮೀಕಿ, ಕಾಳಿದಾಸ, ಬಾಣರೊಡನೆ ತೆಲುಗಿನ ತಿಕ್ಕನನಿಗೂ ಸ್ಥಾನವಿದೆ. ಕನ್ನಡ ಕವಿಯೊಬ್ಬನ ಹೆಸರೂ ಇಲ್ಲ. ಇದರಿಂದ ರಾಣಿಯ ಮಾತೃಭಾಷೆಯನ್ನು ನಿರ್ಣಯಿಸಲು ಹೊರಟವರಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಓಲಗದ ಓದು ಒಂದು ಭಾಷೆಯದು, ಬಿರುದಾವಳಿ ಇನ್ನೊಂದರದು, ಊರಿನ ಕಲ್ಲುಗಳು ಮತ್ತೊಂದರವು ಎಂಬಂತಹ ನಾಡಿನಲ್ಲಿ ಇದು ಸಹಜವೇ.

ಕಂಪಣರು ಇಬ್ಬರೆಂಬುದನ್ನು ಇಲ್ಲಿ ನೆನಪಿಸುವುದು ಒಳ್ಳೆಯದು. ಬೋಧಕರ ಟಿಪ್ಪಣಿಗಳಲ್ಲಿ ಈಗಲೂ ಗೊಂದಲವುಂಟು. ಮೊದಲನೆಯ ಹರಿಹರನ ತಮ್ಮನಾದ ಕಂಪಣನು ಉದಯಗಿರಿಯ ಕಡೆ ಆಳಿದವನು. ಅವನ ಮಗ ಎರಡನೆಯ ಸಂಗಮನದೇ ೧೩೫೬ರ ಬಿಟ್ರಗುಂಟೆಯ ಶಾಸನ. ಮುಳುವಾಯಿಯ ಕುಮಾರ ಕಂಪಣನು ಬುಕ್ಕನ ಮಗ.

ಕಾವ್ಯವೂ ಶಾಸನಗಳೂ ಇಷ್ಟು ಹೇಳಿದ ಮೇಲೆ ಸ್ಟೈನರ ಮತವೇ ಗೆದ್ದಂತಾಯಿತೆಂದು ತೋರಬಹುದು. ಆದರೆ ಒಂದು ರಾಜ್ಯದ ಸ್ವಾತಂತ್ರ್ಯಕ್ಕೆ ನಿಜವಾದ ಒರೆಗಲ್ಲು ಆಳುವವನು ಬದುಕಿರುವಾಗ ಧರಿಸಿದ ಬಿರುದಲ್ಲ, ಅವನು ಸತ್ತ ಮೇಲೆ ಯಾರು ಪಟ್ಟಕ್ಕೆ ಬರುವರೆಂಬುದು. ಕಂಪಣನು ೧೩೭೪ರಲ್ಲಿ, ತಂದೆಗಿಂತ ಮೂರು ವರುಷ ಮುಂಚೆ ತೀರಿಕೊಂಡನು. ಅವನ ಮಗ ಜಮ್ಮಣ ಒಡೆಯನ ಹೆಸರು ಅಲ್ಪಕಾಲ ಕಾಣಿಸಿ ಅಡಗಿಹೋಗುತ್ತದೆ. ೧೩೭೭ರಲ್ಲಿ ಬುಕ್ಕನು ಗತಿಸಲು ಸಿಂಹಾಸನವು ಎರಡನೆಯ ಹರಿಹರನಿಗೆ ಸಂದಿತು. ದಕ್ಷಿಣದ ಸೀಮೆಗಳಲ್ಲಿ ಹರಿಹರನ ಮಗ ವಿರೂಪಾಕ್ಷನು ಕಾಣಿಸಿಕೊಂಡನು. ಮಧುರೆಯನ್ನು ಗೆದ್ದವನ ಸಂತತಿಗೆ ಗೆದ್ದ ನೆಲದಲ್ಲಿ ಪಾಲು ಉಳಿಯಲಿಲ್ಲ. ಅಗಸ್ತ್ಯನು ಕಳುಹಿಸಿದ ಕತ್ತಿ ಮಗನ ಕೈಗೆ ದಾಟಲಿಲ್ಲವೆನ್ನಬೇಕು. ಆದುದರಿಂದ ಕಂಪಣನ ಸ್ವಾತಂತ್ರ್ಯವು ಆತನ ದೇಹದೊಡನೆ ಇದ್ದು ದೇಹದೊಡನೆ ಹೋದುದು. ಅದು ರಾಜ್ಯದ ಸ್ವಾತಂತ್ರ್ಯವಾಗಿರಲಿಲ್ಲ. ಪ್ರಾಂತವೆಂದವರೂ ತಪ್ಪಲಿಲ್ಲ, ಸ್ವತಂತ್ರವೆಂದವರೂ ತಪ್ಪಲಿಲ್ಲ; ಒಬ್ಬರು ೧೩೭೪ರ ಆಚೆಯಿಂದ ನೋಡಿದರು, ಇನ್ನೊಬ್ಬರು ಈಚೆಯಿಂದ.

ಉಳಿದವರು ಸೇವಕರು. ೧೩೭೧ರಲ್ಲಿ ಶ್ರೀರಂಗನಾಥನನ್ನು ಮರಳಿ ಶ್ರೀರಂಗಕ್ಕೆ ಬಿಜಯಮಾಡಿಸಿದ ಗೋಪಣ್ಣನು ಕಂಪಣನ ದಂಡನಾಯಕ. ಅದೇ ದಂಡಿನಲ್ಲಿದ್ದ ಇನ್ನೊಬ್ಬನು ಸಾಳುವ ಮಂಗು. ಈ ಮಂಗುವಿನ ವಂಶದವನೇ ೧೪೮೫ರ ಸುಮಾರಿಗೆ ವಿಜಯನಗರದ ಪಟ್ಟವನ್ನೇರಿದ ಸಾಳುವ ನರಸಿಂಹ. ಅದೇ ಸಾಳುವ ಕುಲದ ಕವಲೊಂದು ಮಾಲೂರು ತಾಲ್ಲೂಕಿನ ಟೇಕಲ್ಲಿನಲ್ಲಿ ನೆಲೆಸಿತು. ಸಾಳುವ ತಿಪ್ಪನು ಎರಡನೆಯ ದೇವರಾಯನ ಸೋದರಿಯ ಗಂಡ, ಗೋಪರಾಜನ ಶಾಸನಗಳು ಟೇಕಲ್ಲಿನಲ್ಲಿವೆ. ರಾಜಕುಮಾರನ ವಂಶಕ್ಕೆ ದೊರೆಯದ ಪರಂಪರೆಯು ಅವನ ದಂಡಾಳುಗಳ ವಂಶಕ್ಕೆ ದೊರೆಯಿತು. ಗೋಪ ತಿಪ್ಪಭೂಪಾಲನ ‘ಕಾಮಧೇನು’ವನ್ನು ವಾಮನನ ಸೂತ್ರಗಳೊಡನೆ ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವರು, ಅದನ್ನು ಬರೆದ ಮನೆತನದ ಕೋಟೆ ಮಾಲೂರಿನ ಬಳಿಯ ಬಂಡೆಗುಡ್ಡಗಳ ನಡುವೆ ಇದ್ದಿತೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆಯೋ! ಅವನದೇ ‘ತಾಲದೀಪಿಕೆ’ಯು ಸಂಗೀತಶಾಸ್ತ್ರದ ಗ್ರಂಥ.

ಲಕ್ಕಣ್ಣನಲ್ಲಿ ಪ್ರಶ್ನೆಯು ಇನ್ನೊಂದು ರೂಪವನ್ನು ತಾಳುತ್ತದೆ. ಎರಡನೆಯ ದೇವರಾಯನ (೧೪೨೪–೧೪೪೬) ಕಾಲದಲ್ಲಿ ಲಕ್ಕಣ್ಣನೂ ಅವನ ಸೋದರ ಮಾದಣ್ಣನೂ ಮುಳುವಾಯಿಯಲ್ಲಿ ಅಧಿಕಾರ ನಡೆಸಿದರು. ಬಳಿಕ ಲಕ್ಕಣ್ಣನು ಮಧುರೆಯ ಕಡೆಗೂ ಒಡೆಯನಾಗಿ ‘ದಕ್ಷಿಣಸಮುದ್ರಾಧೀಶ್ವರ’ನೆನಿಸಿದನು. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಹೇಳುವ, ಸಿಂಹಳದ ಕಡೆಗೆ ಹೋಗಿದ್ದ ‘ದಣಾಯಕ’ನು ಇವನೇ ಇರಬೇಕೆಂದು ಪಂಡಿತರ ಅಭಿಪ್ರಾಯ. ಒಂದು ಕಡೆ ಆನೆಯೂ, ಮತ್ತೊಂದು ಕಡೆ ಕನ್ನಡ ಅಕ್ಷರಗಳೂ ಇರುವ ತಾಮ್ರದ ನಾಣ್ಯಗಳ ಮೇಲಣ ಬರೆಹವನ್ನು ಲಕ್ಕಣ್ಣ ದಣಾಯಕನ ಹೆಸರೆಂದು ಓದಿರುವರು. ಈ ಓದು ನಿಲ್ಲುವುದಾದರೆ, ಅರಸನ ಕುಲಕ್ಕೆ ಸೇರದ ಅಧಿಕಾರಿಯೊಬ್ಬನು ತನ್ನ ಹೆಸರಿನಲ್ಲಿ ನಾಣ್ಯವನ್ನು ಒತ್ತಿಸಿದಂತಾಯಿತು. ಬಿರುದು ಕಲ್ಲಿನ ಮೇಲಿರುವುದು, ನಾಣ್ಯ ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವುದು; ಸ್ವಾಧಿಕಾರದ ಗುರುತಾಗಿ ಇವೆರಡಕ್ಕೂ ಇರುವ ಅಂತರ ದೊಡ್ಡದು. ಆದರೂ ಇವು ಹೊನ್ನಿನ ವರಾಹಗಳಲ್ಲ, ತಾಮ್ರದ ಕಾಸುಗಳು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಥಳದ ವ್ಯಾಪಾರಕ್ಕೆ ಚಿಲ್ಲರೆ ಬೇಕು. ಅದನ್ನು ಒದಗಿಸುವ ಭಾರವನ್ನು ಅರಸನು ಅಧಿಕಾರಿಗೆ ಬಿಟ್ಟುಕೊಟ್ಟಿದ್ದರೆ ಅದು ದ್ರೋಹವೂ ಅಲ್ಲ, ಸ್ವಾತಂತ್ರ್ಯಘೋಷಣೆಯೂ ಅಲ್ಲ. ಲಕ್ಕಣ್ಣನ ವಂಶವೊಂದು ಮುಳುವಾಯಿಯಲ್ಲಿ ಬೇರೂರಿದಂತೆಯೂ ಕಾಣೆವು.

‘ಶಿವತತ್ತ್ವಚಿಂತಾಮಣಿ’ಯನ್ನು ಕುರಿತು ವಿಮರ್ಶಕರು ಸಾಮಾನ್ಯವಾಗಿ ಹೇಳುವ ದೂರು, ಅದು ಪಟ್ಟಿಗಳ ಕಾವ್ಯವೆಂಬುದು. ವಾರ್ಧಕ ಷಟ್ಪದಿಯಲ್ಲಿ ಶಿವನ ಲೀಲೆಗಳು, ಬಸವಾದಿ ಶರಣರ ಚರಿತ್ರೆಗಳು, ಶರಣರ ನಾಮಗಳು, ವೀರಶೈವ ತತ್ತ್ವಗಳು ಒಂದರ ಹಿಂದೊಂದರಂತೆ ಬಂದು ತುಂಬಿವೆ. ಹರಿಹರನ ಆವೇಶವಾಗಲಿ, ಅದೇ ಕಾಲದ ಚಾಮರಸನ ಕಥನದ ಬಿಗಿಯಾಗಲಿ ಇಲ್ಲ. ದೂರು ನಿಜ. ಇದಕ್ಕೆ ಉತ್ತರವಾಗಿ, ಲೆಕ್ಕಪತ್ರಗಳಲ್ಲಿ ಪಳಗಿದ ಅಧಿಕಾರಿಯ ಮನಸ್ಸೇ ಈ ಪಟ್ಟಿಗಳಲ್ಲಿ ಕಾಣುತ್ತದೆಂದು ಹೇಳುವುದು ಜಾಣತನವಾಗಿ ಕೇಳಿಸಬಹುದಾದರೂ ನಿಲ್ಲುವ ಮಾತಲ್ಲ: ಗಣನಾಮಗಳನ್ನು ಎಣಿಸುವುದು ವೀರಶೈವ ಸಾಹಿತ್ಯದ ಹಳೆಯ ವಾಡಿಕೆ, ಅಧಿಕಾರವಿಲ್ಲದ ಕವಿಗಳೂ ಅದನ್ನು ಮಾಡಿರುವರು. ಗ್ರಂಥದ ಬೆಲೆ ಬೇರೆಡೆಯಲ್ಲಿದೆ. ಹನ್ನೆರಡನೆಯ ಶತಮಾನದ ಶರಣರನ್ನು ಕುರಿತು ಹದಿನೈದನೆಯ ಶತಮಾನದ ಆರಂಭದಲ್ಲಿ ಏನೇನು ತಿಳಿದಿದ್ದಿತು, ಯಾವ ಕ್ರಮದಲ್ಲಿ ನೆನೆಯುತ್ತಿದ್ದರು ಎಂಬುದಕ್ಕೆ ಅದು ದೊಡ್ಡ ಕಣಜ. ಜಕ್ಕಣಾರ್ಯನಂತಹ ಇತರ ಅಧಿಕಾರಿಗಳೂ ಆಗ ಇದೇ ಕೆಲಸದಲ್ಲಿ ತೊಡಗಿದ್ದರು. ದೇವರಾಯನ ರಾಜಧಾನಿಯಲ್ಲಿ ನಡೆಯುತ್ತಿದ್ದ ಸಂಗ್ರಹಕಾರ್ಯವೇ ಮುಳುವಾಯಿಯ ಒಡೆಯನ ಲೇಖನಿಯಲ್ಲಿಯೂ ನಡೆದುದನ್ನು ನೋಡಿದರೆ, ನಾಣ್ಯದಲ್ಲಿ ಬೇರೆಯಾಗಿ ನಿಂತಂತೆ ತೋರುವವನು ಗ್ರಂಥದಲ್ಲಿ ಸಂಪೂರ್ಣವಾಗಿ ರಾಜಧಾನಿಯವನು ಎನ್ನಬೇಕಾಗುತ್ತದೆ. ಈ ಅಂಶವನ್ನು ನಾಣ್ಯಶಾಸ್ತ್ರಜ್ಞರು ನೋಡಲಿಲ್ಲ, ನಾಣ್ಯವನ್ನು ಸಾಹಿತ್ಯವಿಮರ್ಶಕರು ನೋಡಲಿಲ್ಲ.

ಅದೇ ಶತಮಾನದಲ್ಲಿ ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ನೆಲೆಸಿ, ‘ನ್ಯಾಯಸುಧೆ’ಗೆ ‘ವಾಗ್ವಜ್ರ’ವೆಂಬ ಟಿಪ್ಪಣಿಯನ್ನು ಬರೆದ, ವ್ಯಾಸತೀರ್ಥರಿಗೆ ವಿದ್ಯಾಗುರುಗಳಾದ ಶ್ರೀಪಾದರಾಜರು ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದರು. ಇವರನ್ನು ಹರಿದಾಸಸಾಹಿತ್ಯದ ಅಧ್ಯಾಯದಲ್ಲಿ ಓದುವರು, ಲಕ್ಕಣ್ಣನನ್ನು ವೀರಶೈವ ಸಾಹಿತ್ಯದ ಅಧ್ಯಾಯದಲ್ಲಿ. ಇಬ್ಬರ ಊರೂ ಒಂದೇ ಎಂಬುದು ಯಾವ ಅಧ್ಯಾಯದಲ್ಲಿಯೂ ಬಾರದು.

ಈ ಗ್ರಂಥಗಳಿಗೆಲ್ಲ ಸಮಾನವಾದ ಒಂದು ಮೌನವಿದೆ. ರಾಜ್ಯದ ಆದಾಯವೆಲ್ಲಿಂದ ಬರುತ್ತಿದ್ದಿತೆಂಬುದನ್ನು ಯಾವುದೂ ಹೇಳುವುದಿಲ್ಲ. ಅದಕ್ಕಾಗಿ ಕಲ್ಲುಗಳ ಬಳಿಗೇ ಹೋಗಬೇಕು. ಕೋಲಾರವೆಂದೊಡನೆ ಚಿನ್ನದ ನೆನಪು ಬರುವುದು ೧೮೮೦ರ ದಶಕದಲ್ಲಿ ಮೊದಲಾಗಿ ೨೦೦೧ರಲ್ಲಿ ಮುಚ್ಚಿದ ಗಣಿಗಳ ಪ್ರಭಾವ. ಮುಳುವಾಯಿ ರಾಜ್ಯದ ಹೊನ್ನು ಗದ್ದೆಯಲ್ಲಿ ಬೆಳೆಯುವಂತಹದು. ಈ ಸೀಮೆಗೆ ಸದಾ ಹರಿಯುವ ಹೊಳೆಯಿಲ್ಲ. ಪಾಲಾರು ನಂದಿಯ ಕಡೆ ಹುಟ್ಟಿ ಇಲ್ಲಿ ಹಾದುಹೋಗುವುದಾದರೂ ಅದು ಹೊಳೆಯೆನ್ನುವುದಕ್ಕಿಂತ ಕೆರೆಗಳ ಸರಪಣಿಯೆನ್ನುವುದು ಮೇಲು. ಒಂದರ ಕೋಡಿ ಹರಿದು ಮುಂದಿನದನ್ನು ತುಂಬಬೇಕು. ಆದುದರಿಂದ ಕೆರೆಯನ್ನು ಕಟ್ಟಿಸಿದವನು, ಒಡೆದ ಏರಿಯನ್ನು ತಿದ್ದಿಸಿದವನು, ಹೂಳೆತ್ತುವ ಬಂಡಿಗೆ ಭೂಮಿ ಬಿಟ್ಟವನು, ಇವರ ಹೆಸರುಗಳೇ ಇಲ್ಲಿಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಈ ವ್ಯವಹಾರದವು. ದಶವಂದವೆಂದರೆ ಹತ್ತರಲ್ಲೊಂದು: ಕೆರೆಯನ್ನು ಸ್ವಂತ ಖರ್ಚಿನಿಂದ ಕಟ್ಟಿಸಿದವನಿಗೆ ಅಥವಾ ಜೀರ್ಣೋದ್ಧಾರ ಮಾಡಿದವನಿಗೆ ಅಚ್ಚುಕಟ್ಟಿನ ಹತ್ತನೆಯ ಪಾಲಿನ ಭೂಮಿಯನ್ನು ತೆರಿಗೆಯಿಲ್ಲದೆ ವಂಶಪಾರಂಪರ್ಯವಾಗಿ ಬಿಡುವ ಕಟ್ಟಳೆ, ಪ್ರತಿಯಾಗಿ ಕೆರೆಯ ರಕ್ಷಣೆಯ ಹೊಣೆ ಅವನದು.

ಕಂಪಣನಿಗೆ ಇಲ್ಲದ ವಂಶಪಾರಂಪರ್ಯವು ಕೆರೆ ಕಟ್ಟಿಸಿದ ಗೌಡನಿಗೆ ಇದ್ದಿತೆಂಬುದು ಗಮನಿಸತಕ್ಕ ವಿಷಯ. ರಾಜಪುತ್ರರು ನೀರಿನ ಕೆಲಸದಲ್ಲಿ ಕೈಯಿಡಲಿಲ್ಲವೆಂದಲ್ಲ. ಕಂಪಣನ ಸೋದರ ಭಾಸ್ಕರ ಭವದೂರನು ಉದಯಗಿರಿಯಲ್ಲಿದ್ದು ೧೩೬೯ರಲ್ಲಿ ಕಡಪೆಯ ಕಡೆಯ ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿದನು. ಎರಡು ವರುಷ ದಿನವೊಂದಕ್ಕೆ ಸಾವಿರ ಆಳುಗಳೂ ನೂರು ಬಂಡಿಗಳೂ ದುಡಿದುವೆಂದೂ, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳೂ ಆರು ದೋಷಗಳೂ ಇವೆಯೆಂದೂ ಅಲ್ಲಿಯ ಶಾಸನ ಹೇಳುತ್ತದೆ. ಗೌರಿಬಿದನೂರು ತಾಲ್ಲೂಕಿನ ೧೩೮೮ರ ಶಾಸನವು, ಪೆನುಗೊಂಡೆಯಲ್ಲಿದ್ದ ಪ್ರತಾಪಬುಕ್ಕರಾಯನ ಅಪ್ಪಣೆಯಂತೆ ಜಲಸೂತ್ರದ ಸಿಂಗಾಯಭಟ್ಟನು ಹೆನ್ನೆಯ ಹೊಳೆಯಿಂದ ಪೆನುಗೊಂಡೆಗೆ ಕಾಲುವೆ ತಂದುದನ್ನು ಹೇಳುತ್ತದೆ. ಇಂತಹ ದೊಡ್ಡ ಕೆಲಸಗಳು ರಾಜಪುತ್ರರವು. ಮುಳುವಾಯಿ ಸೀಮೆಯ ಸಣ್ಣ ಕೆರೆಗಳ ಕಲ್ಲುಗಳಲ್ಲಿಯಾದರೋ, ಅರಸನ ಹೆಸರು ಬಹುತೇಕ ಕಾಲವನ್ನು ಸೂಚಿಸುವುದಕ್ಕೆ ಬರುವುದು. ಕೊಟ್ಟವರು ನಾಡವರು, ಗೌಡ ಪ್ರಜೆಗಳು, ದೇವಸ್ಥಾನದ ಸ್ಥಾನಿಕರು. ಇವರ ಅಧಿಕಾರಕ್ಕೆ ಹಳೆಯ ಬೇರುಗಳಿದ್ದುವು. ಹತ್ತನೆಯ ಶತಮಾನದಲ್ಲಿಯೇ ಆವಣಿಯ ಸ್ಥಾನವನ್ನು ನಲವತ್ತು ವರುಷ ಆಳಿದ ತ್ರಿಭುವನಕರ್ತನೆಂಬ ತಪಸ್ವಿಯು ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನವಿದೆ. ನೊಳಂಬ ಅರಸರ ಕಾಲದಲ್ಲಿ ಒಬ್ಬ ಸನ್ಯಾಸಿಗೆ ‘ಆಳಿದನು’ ಎಂಬ ಮಾತು ಸಲ್ಲುವುದನ್ನು ನೋಡಿದರೆ, ಈ ನೆಲದಲ್ಲಿ ಆಳಿಕೆಯೆಂದರೆ ಏನೆಂದು ತಿಳಿಯುತ್ತಿದ್ದರೆಂಬುದರ ಅರಿವಾಗುತ್ತದೆ.

ರಾಜ್ಯದ ಒಡೆಯನ ಕೈಗೆ ನೇರವಾಗಿ ಸಿಗುತ್ತಿದ್ದುದು ಸುಂಕ. ವಿಜಯನಗರದ ಶಾಸನಗಳಲ್ಲಿ ಸ್ಥಳಾದಾಯ, ಮಾರ್ಗಾದಾಯ, ಮಾಮೂಲಾದಾಯವೆಂದು ಸುಂಕ ಮೂರು ಬಗೆ. ಮನೆವಣ, ಮಗ್ಗದೆರೆ, ಗಾಣದೆರೆಗಳು ಊರೂರಿನವು, ಮಾರ್ಗಾದಾಯವಾದರೋ ದಾರಿಯುಳ್ಳವನದು. ಘಟ್ಟದ ಮೇಲಣ ನಾಡಿನಿಂದ ಪಾಲಾರಿನ ಬಯಲಿಗೆ, ಅಲ್ಲಿಂದ ಕಂಚಿಗೆ ಹೋಗುವ ಹೇರುಗಳೆಲ್ಲ ಇಳಿಯಬೇಕಾದ ಬಾಗಿಲನ್ನು ಹಿಡಿದಿದ್ದವನಿಗೆ ಅದರ ಬೆಲೆ ತಿಳಿದಿರಲೇಬೇಕು. ಕಂಪಣನಂತಹ ರಾಜಕುಮಾರನನ್ನೂ, ಲಕ್ಕಣ್ಣನಂತಹ ನಂಬಿಕೆಯ ದಂಡನಾಯಕನನ್ನೂ ರಾಜಧಾನಿಯು ಇಲ್ಲಿಗೆ ಕಳುಹಿಸಿದುದೂ, ಇಬ್ಬರೂ ಇಲ್ಲಿಂದಲೇ ಮಧುರೆಯವರೆಗೆ ಕೈಚಾಚಿದುದೂ ಈ ಬಾಗಿಲಿನ ಕಾರಣದಿಂದ. ರಾಜ್ಯವು ಮೇಲ್ಗಡೆಯಲ್ಲಿ ರಾಜಧಾನಿಯ ಬಾಗಿಲು, ಕೆಳಗಡೆಯಲ್ಲಿ ಕೆರೆಗಳ ಒಕ್ಕೂಟ. ಬಾಗಿಲಿನ ಕಾವಲುಗಾರರು ಬದಲಾಗುತ್ತಿದ್ದರು, ಕೆರೆಯ ನೀರುಗಂಟಿಗಳು ಬದಲಾಗುತ್ತಿರಲಿಲ್ಲ.

ವಿಜಯನಗರವು ಕುಗ್ಗಿದ ಮೇಲೆ ‘ಮುಳುವಾಯಿ ರಾಜ್ಯ’ವೆಂಬ ಹೆಸರು ಉಳಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದವರು ಕೋಲಾರವನ್ನು ಷಹಾಜಿಯ ಜಹಗೀರಿಗೆ ಸೇರಿಸಿದರು. ಮೊಗಲರಲ್ಲಿ ಅದು ಸೀರೆಯ ಸುಭೆಗೆ ಸಂದಿತು. ಹೈದರಾಲಿಯ ತಂದೆಯ ಗೋರಿ ಕೋಲಾರದಲ್ಲಿದೆ. ಪಾಪನಪಲ್ಲಿಯು ದಿವಾನ್ ಪೂರ್ಣಯ್ಯನವರಿಂದ, ಅವರ ಮಗನ ಹೆಸರಿನಲ್ಲಿ, ಶ್ರೀನಿವಾಸಪುರವಾಯಿತು. ಕೆರೆಗಳಿಗೆ ೨೦೧೮ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ಕೊಳವೆಯಲ್ಲಿ ಬರತೊಡಗಿದೆ. ರಾಜಧಾನಿಯ ಕೈ ಕೆರೆಯ ತೂಬಿನವರೆಗೂ ಚಾಚಿದುದು ಇದೇ ಮೊದಲು.

ಹತ್ತನೆಯ ಸಂಪುಟದ ದಶವಂದದ ಶಾಸನಗಳನ್ನು ತಾಲ್ಲೂಕುವಾರಾಗಿ, ಕೊಟ್ಟವರ ಹೆಸರು, ಪಡೆದವರ ಹೆಸರು, ಅರಸನ ಹೆಸರು ಇದೆಯೋ ಇಲ್ಲವೋ ಎಂಬ ಮೂರು ಅಂಶಗಳಲ್ಲಿ ವಿಂಗಡಿಸಿ, ಕಂಪಣನ ಮರಣಕ್ಕೆ ಹಿಂದಿನವನ್ನೂ ಮುಂದಿನವನ್ನೂ ಹೋಲಿಸುವ ಕೆಲಸ ಇನ್ನು ಮೊದಲಾಗಬೇಕು. ೧೩೭೪ರಲ್ಲಿ ಒಡೆಯರು ಬದಲಾದುದು ಕೆರೆಯ ಕಲ್ಲುಗಳಿಗೆ ತಿಳಿಯಿತೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುವುದು.